ಇಪ್ಪತ್ತು ಶೆಲ್ಫ್, ಒಂದೇ ಅಳತೆ: ಟ್ರ್ಯಾಕ್ ಸಾ ಮತ್ತು ಒಂದು ಮೇಜಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಬಸ್ಸಲ್ಲಿ ಕೂತು ಕೇಳ್ತಾ ಇರೋರೂ ಇದ್ದೀರಿ, ಕೆಲಸ ಮಾಡ್ತಾ ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿರೋರೂ ಇದ್ದೀರಿ. ಆದ್ರೆ ಒಂದು ಮಾತು, ಮಷೀನ್ ಮುಂದೆ ನಿಂತಿರೋರು ಇದನ್ನ ಈಗ ನಿಲ್ಲಿಸಿ, ಆಮೇಲೆ ಕೇಳಿ. ಯಾಕೆ ಅಂತ ಸಂಚಿಕೆಯ ಕೊನೆ ಹೊತ್ತಿಗೆ ಗೊತ್ತಾಗ್ತದೆ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮುಂದೆ ಪ್ಲೈವುಡ್ ಇಟ್ಟು, 564 ಮಿಲಿಮೀಟರ್ ಉದ್ದದ ಇಪ್ಪತ್ತು ಶೆಲ್ಫ್ ಕೊಯ್ದು ಕೊಡಿ ಅಂದ್ರೆ ನೀವು ಎಷ್ಟು ಸಲ ಟೇಪ್ ಹಿಡೀತೀರಿ?

ಇಪ್ಪತ್ತು ಸಲ ಅಂತೀರಿ. ನಿಜ ಹೇಳಬೇಕಂದ್ರೆ ನಲವತ್ತು ಸಲ. ಯಾಕಂದ್ರೆ ಗೆರೆ ನೇರ ಇರಬೇಕು ಅಂದ್ರೆ ಹಲಗೆಯ ಎರಡೂ ಅಂಚಿನಲ್ಲಿ ಗುರುತು ಹಾಕಬೇಕು. ಪ್ರತಿ ಗುರುತಿಗೂ ಮೂರು ಕೆಲಸ: ಟೇಪ್ ಹಿಡಿಯೋದು, ಪೆನ್ಸಿಲ್ ಎಳೆಯೋದು, ಗೆರೆಗೆ ಸರಿಯಾಗಿ ಮಷೀನ್ ಇಡೋದು. ಮೂರು ನಲವತ್ತಲಿ ನೂರಾ ಇಪ್ಪತ್ತು. ಅಂದ್ರೆ ಇಪ್ಪತ್ತು ಶೆಲ್ಫ್ ಕೊಯ್ಯೋ ಕೆಲಸದಲ್ಲಿ ಕೈ ತಪ್ಪೋಕೆ ನೂರಾ ಇಪ್ಪತ್ತು ಅವಕಾಶ.

ನಾನು ಬಿ.ಕಾಂ. ಓದಿದವನು. ನನಗೆ ಯಾವ ಕೆಲಸ ನೋಡಿದ್ರೂ ಖರ್ಚು ಎಲ್ಲಿ ಸೋರ್ತಾ ಇದೆ ಅನ್ನೋದೇ ಮೊದಲು ಕಣ್ಣಿಗೆ ಬೀಳ್ತದೆ. ಹೊಸಪೇಟೆಯ ಒಂದು ಸಣ್ಣ ಪ್ಲೈವುಡ್ ಶೆಡ್ಡಿಗೆ ಕೆಲವು ದಿನ ಹೋಗಿ ಕೂತೆ. ಅಲ್ಲಿ ಮೂರ್ನಾಲ್ಕು ಜನ ಕೆಲಸ ಮಾಡ್ತಾರೆ. ಕಿಚನ್, ವಾರ್ಡ್‌ರೋಬ್, ಅಂಗಡಿ ರ‍್ಯಾಕ್ ಮಾಡ್ತಾರೆ. ಅಲ್ಲಿ ಸೋರೋದು ಪ್ಲೈ ಅಲ್ಲ, ದಿನ. ಅದನ್ನೇ ಇವತ್ತು ಹೇಳ್ತೀನಿ.

ಎರಡು ಮಿಲಿಮೀಟರ್ ಅಂದ್ರೆ ಎಷ್ಟು ದೂರ?

ಈ ಶೆಡ್ಡಿನ ಗಿರಾಕಿಗಳು ಹೊಸಪೇಟೆಯಲ್ಲಷ್ಟೇ ಇಲ್ಲ. ಒಂದು ಕಿಚನ್ ಕಂಪ್ಲಿಗೆ ಹೋಗ್ತದೆ, ಒಂದು ವಾರ್ಡ್‌ರೋಬ್ ಸಂಡೂರಿಗೆ. ಎರಡೂ ಊರು ಸುಮಾರು 30 ಕಿಲೋಮೀಟರ್ ದೂರ. ತುಂಡುಗಳನ್ನ ಶೆಡ್ಡಲ್ಲಿ ಕೊಯ್ದು, ಟಾಟಾ ಏಸ್‌ನಲ್ಲಿ ಹೇರಿ, ಗಿರಾಕಿ ಮನೆಯಲ್ಲಿ ಜೋಡಿಸ್ತಾರೆ. ಅಲ್ಲಿ ಹೋದ್ಮೇಲೆ ಒಂದು ಶೆಲ್ಫ್ 566 ಬಂತು ಅಂದ್ಕೊಳ್ಳಿ.

ಎರಡೇ ಮಿಲಿಮೀಟರ್ ಜಾಸ್ತಿ. ಆದ್ರೆ ಆ ಕ್ಯಾಬಿನೆಟ್ಟಿನ ಹೊರ ಅಗಲ 600. ಎರಡು ಬದಿಯ ಹಲಗೆ ತಲಾ 18 ಮಿಲಿಮೀಟರ್, ಒಟ್ಟು 36. 600ರಲ್ಲಿ 36 ಕಳೆದ್ರೆ 564. ಅಲ್ಲಿಗೆ 566 ತುರುಕಿದ್ರೆ ಬದಿ ಹಲಗೆ ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಬರ್ತದೆ. ಬಾಗಿಲುಗಳ ನಡುವೆ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟಿರ್ತಾರೆ. ಆ ಸಂದು ಮಾಯ ಆಗ್ತದೆ, ಒಂದು ಬಾಗಿಲು ಇನ್ನೊಂದಕ್ಕೆ ಉಜ್ಜುತ್ತೆ. ಅಲ್ಲೇ ಕೈ ಕಟ್ಟರ್‌ನಿಂದ ಸವರಿದ್ರೆ ಮೈಕಾ ಚಕ್ಕೆ ಏಳ್ತದೆ. ಇಲ್ಲ ಅಂದ್ರೆ ವಾಪಸ್ ಹೊಸಪೇಟೆಗೆ ಬಂದು, ಹೊಸ ತುಂಡು ಕೊಯ್ದು, ಮತ್ತೆ ಹೋಗಬೇಕು. ಹೋಗಿಬರೋಕೆ 60 ಕಿಲೋಮೀಟರ್, ಒಂದು ದಿನ, ಮೂರು ಜನರ ಕೂಲಿ, ಗಾಡಿ ಬಾಡಿಗೆ. ಎರಡು ಮಿಲಿಮೀಟರ್ ಬೆಲೆ ಇಷ್ಟು.

ನಮ್ಮ ಕಡೆ ಕೆಲಸದವರ ಬಾಯಲ್ಲಿ ಇನ್ನೂ 'ಸೂತ್' ಇದೆ, ಕೆಲವರು 'ನೂಲು' ಅಂತಾರೆ. ಅಂದ್ರೆ ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮರದ ಬಾಗಿಲು ಚೌಕಟ್ಟಿಗೆ ಅರ್ಧ ಸೂತ್ ಆಚೀಚೆ ಆದ್ರೆ ಹತ್ತರಿ ಹೊಡೆದು ಸರಿಮಾಡ್ತಿದ್ರು. ಮೈಕಾ ಅಂಟಿಸಿದ ಪ್ಲೈಗೆ ಹತ್ತರಿ ಹೊಡೆಯೋಕೆ ಆಗಲ್ಲ. ಸಾಮಾನು ಬದಲಾಯ್ತು, ಅಳತೆಯ ಸಲಿಗೆ ಹೋಯ್ತು.

ಮಷೀನ್ ಏನು, ಮೇಜು ಏನು

ಟ್ರ್ಯಾಕ್ ಸಾ ನೋಡಿಲ್ಲದವರಿಗೆ ಸರಳವಾಗಿ ಹೇಳ್ತೀನಿ. ಕೈಯಲ್ಲಿ ಹಿಡಿಯೋ ಸರ್ಕ್ಯುಲರ್ ಸಾ ಎಲ್ಲರಿಗೂ ಗೊತ್ತು, ಉರುಟು ಬ್ಲೇಡಿನ ಕಟ್ಟರ್. ಅದಕ್ಕೆ ರೈಲಿನ ಹಾಗೆ ಒಂದು ಅಲ್ಯೂಮಿನಿಯಂ ಹಳಿ ಕೊಟ್ರೆ ಟ್ರ್ಯಾಕ್ ಸಾ. ಮಷೀನಿನ ತಳದಲ್ಲಿ ಗಾಡಿ ಇರ್ತದೆ, ಅದು ಹಳಿಯ ಏಣಿನ ಮೇಲೆ ಕೂತು ಜಾರ್ತದೆ. ಅತ್ತ ಇತ್ತ ಅಲುಗಾಡಲ್ಲ. ಹಳಿಯ ಅಂಚಿಗೆ ಒಂದು ರಬ್ಬರ್ ಪಟ್ಟಿ ಇರ್ತದೆ. ಹೊಸ ಹಳಿ ತಂದು ಮೊದಲ ಸಲ ಓಡಿಸಿದಾಗ ಬ್ಲೇಡೇ ಆ ಪಟ್ಟಿಯನ್ನ ತನಗೆ ಬೇಕಾದಷ್ಟಕ್ಕೆ ಕೊಯ್ದುಕೊಳ್ತದೆ. ಅಲ್ಲಿಂದ ಆಚೆ, ಪಟ್ಟಿಯ ಅಂಚು ಎಲ್ಲಿದೆಯೋ ಕೊಯ್ತ ಅಲ್ಲೇ. ಗೆರೆಯ ಮೇಲೆ ಪಟ್ಟಿ ಇಡಿ, ಓಡಿಸಿ, ಮುಗೀತು.

ಈ ಹಳಿಯ ಪದ್ಧತಿ 1960ರ ದಶಕದಲ್ಲಿ ಜರ್ಮನಿಯ ಫೆಸ್ಟೋ ಕಂಪನಿ ತಂದದ್ದು, ಅದರ ಮರಗೆಲಸದ ಉಪಕರಣಗಳು ಈಗ ಫೆಸ್ಟೂಲ್ ಹೆಸರಲ್ಲಿ ಬರ್ತವೆ. ಈಗ ಮಕೀಟಾ, ಬಾಷ್, ಡಿವಾಲ್ಟ್ ಎಲ್ಲರೂ ಮಾಡ್ತಾರೆ.

ಟ್ರ್ಯಾಕ್ ಸಾದ ದೊಡ್ಡ ಗುಣ ಏನಂದ್ರೆ ಹಲಗೆ ನಿಂತಿರ್ತದೆ, ಮಷೀನ್ ಓಡ್ತದೆ. ಎಂಟಡಿ ನಾಲ್ಕಡಿ ಪ್ಲೈ, ಅಂದ್ರೆ 2440ಕ್ಕೆ 1220 ಮಿಲಿಮೀಟರ್, 18 ಮಿಲಿಮೀಟರ್ ದಪ್ಪ. ಅಂಥ ಹಲಗೆಯನ್ನ ಒಬ್ಬನೇ ಹೊತ್ತುಕೊಂಡು ಟೇಬಲ್ ಸಾ ಬ್ಲೇಡಿನ ಮೇಲೆ ನೇರವಾಗಿ ನೂಕೋದು ಹುಡುಗಾಟ ಅಲ್ಲ. ಅದರ ಬದಲು ಹಲಗೆಯನ್ನ ಮಲಗಿಸಿ, ಹಗುರವಾದ ಮಷೀನನ್ನ ಅದರ ಮೇಲೆ ಓಡಿಸೋದು ಸುಲಭ.

ಆದ್ರೆ ಟ್ರ್ಯಾಕ್ ಸಾ ಒಂದೇ ಇದ್ರೆ ಸಮಸ್ಯೆ ಪೂರ್ತಿ ಹೋಗಲ್ಲ. ಕೊಯ್ತ ನೇರ ಬರ್ತದೆ ನಿಜ. ಹಳಿಯನ್ನ ಎಲ್ಲಿ ಇಡಬೇಕು ಅನ್ನೋಕೆ ಮತ್ತೆ ಟೇಪು, ಪೆನ್ಸಿಲ್ಲು. ಮತ್ತೆ ಅದೇ ನಲವತ್ತು ಗುರುತು. ಇಲ್ಲಿ ಮೇಜು ಬೇಕಾಗ್ತದೆ.

ಈ ಮೇಜಿನಲ್ಲಿ ಮೂರೇ ಸಂಗತಿ. ಒಂದು, ಹಲಗೆಯ ಉದ್ದನೆ ಅಂಚು ಒರಗಿ ನಿಲ್ಲೋಕೆ ಒಂದು ನೇರ ಪಟ್ಟಿ, ಅದಕ್ಕೆ ಫೆನ್ಸ್ ಅಂತಾರೆ. ಎರಡು, ಫೆನ್ಸಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಹಳಿ ಕೂರೋ ಜಾಗ, ಎತ್ತಿ ಇಳಿಸಿದ್ರೂ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರಬೇಕು. ಮೂರು, ಹಲಗೆಯ ತುದಿ ತಾಗಿ ನಿಲ್ಲೋಕೆ ಒಂದು ತಡೆ, ಸ್ಟಾಪರ್.

ಹಲಗೆಯನ್ನ ಫೆನ್ಸಿಗೆ ಒತ್ತು, ಸ್ಟಾಪರ್‌ಗೆ ತಾಗಿಸು, ಹಳಿ ಇಳಿಸು, ಓಡಿಸು. ಇಪ್ಪತ್ತು ಸಲ ಮಾಡಿದ್ರೂ ಟೇಪ್ ಜೇಬಲ್ಲೇ ಇರ್ತದೆ. ಅಳತೆಯನ್ನ ನಿಮ್ಮ ಬದಲು ಮೇಜು ನೆನಪಿಟ್ಟುಕೊಳ್ತದೆ.

ಕಂಪನಿ ಮೇಜಿನಲ್ಲಿ ಮೈತುಂಬ ತೂತು ಇರ್ತದೆ. 20 ಮಿಲಿಮೀಟರ್ ಅಗಲದ ತೂತು, ಒಂದರ ನಡುವಿಂದ ಇನ್ನೊಂದರ ನಡುವಿಗೆ 96 ಮಿಲಿಮೀಟರ್. ತೂತಿಗೆ ಗೂಟ ಹಾಕಿದ್ರೆ ಅದೇ ಫೆನ್ಸು, ಅದೇ ಮೂಲೆಮಟ್ಟ. 96 ಯಾಕೆ? ಮೂರು ಮೂವತ್ತೆರಡಲಿ ತೊಂಬತ್ತಾರು. ಕ್ಯಾಬಿನೆಟ್ ಒಳಗೆ ಶೆಲ್ಫ್ ಪಿನ್ ಹಾಕೋಕೆ ಸಾಲು ತೂತು ನೋಡಿರ್ತೀರಲ್ಲ, ಅವುಗಳ ಅಂತರ 32 ಮಿಲಿಮೀಟರ್. ಯುರೋಪಿನ ಫರ್ನಿಚರ್ ಉದ್ಯಮ ಆ ಲೆಕ್ಕಕ್ಕೆ ಒಗ್ಗಿದೆ.

ಮೊದಲ ತುಂಡಿಗೆ ಮುಂಚೆ

ಕೆಲಸ ಇರೋದು ಇಲ್ಲಿ. ಮೇಜು ನಂಬಿಕಸ್ತ ಅಲ್ಲದಿದ್ರೆ ಇಪ್ಪತ್ತು ತುಂಡೂ ಒಂದೇ ಥರ ತಪ್ಪಾಗಿ ಬರ್ತವೆ. ಹಳಿ ಅರ್ಧ ಡಿಗ್ರಿ ವಾರೆ ಇದ್ರೆ 600 ಮಿಲಿಮೀಟರ್ ಅಗಲದಲ್ಲಿ ಸುಮಾರು 5 ಮಿಲಿಮೀಟರ್ ಓರೆ. ಅರ್ಧ ಡಿಗ್ರಿ ಕಣ್ಣಿಗೆ ಕಾಣಲ್ಲ. ಸಣ್ಣ ಮೂಲೆಮಟ್ಟ ಇಟ್ಟು ನೋಡಿದ್ರೂ ಬೆಳಕಿನ ಸಂದು ಹಿಡಿಯೋದು ಕಷ್ಟ.

ಅದಕ್ಕೆ ಐದು ಕೊಯ್ತದ ಪರೀಕ್ಷೆ ಅಂತ ಒಂದಿದೆ. ನನಗೆ ಬಹಳ ಹಿಡಿಸಿದ್ದು ಇದೇ. ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿದ ಹಾಗೆ ಇರ್ತದೆ.

ಐನೂರು ಮಿಲಿಮೀಟರ್ ಚೌಕದ ಒಂದು ವೇಸ್ಟ್ ತುಂಡು ತಗೊಳ್ಳಿ. ಒಂದು ಬದಿ ಕೊಯ್ಯಿರಿ. ಈಗ ಕೊಯ್ದ ಬದಿಯನ್ನ ಫೆನ್ಸಿಗೆ ತಿರುಗಿಸಿ ಒರಗಿಸಿ, ಮುಂದಿನ ಬದಿ ಕೊಯ್ಯಿರಿ. ಹೀಗೆ ಒಂದೇ ದಿಕ್ಕಿಗೆ ತಿರುಗಿಸ್ತಾ ನಾಲ್ಕು ಬದಿ. ಐದನೇ ಸಲ ಮೊದಲ ಬದಿಯಿಂದಲೇ ಇಪ್ಪತ್ತು ಮಿಲಿಮೀಟರ್ ಅಗಲದ ಒಂದು ಪಟ್ಟಿ ಕೊಯ್ದು ತೆಗೀರಿ. ಆ ಪಟ್ಟಿಯ ಎರಡೂ ತುದಿಯ ಅಗಲವನ್ನ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೀರಿ.

ಒಂದು ತುದಿ 20.4, ಇನ್ನೊಂದು 20.0 ಬಂತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.4. ಅದನ್ನ ನಾಲ್ಕರಿಂದ ಭಾಗಿಸಿ, 0.1. ಅಂದ್ರೆ ಒಂದು ಕೊಯ್ತಕ್ಕೆ, 500 ಮಿಲಿಮೀಟರ್ ಉದ್ದಕ್ಕೆ, ನಿಮ್ಮ ಹಳಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ವಾರೆ. ಪ್ಲೈ ಕೆಲಸಕ್ಕೆ ಇದು ಧಾರಾಳ ಸಾಕು. ವ್ಯತ್ಯಾಸ 2 ಮಿಲಿಮೀಟರ್ ಬಂದ್ರೆ ಫೆನ್ಸಿನ ಒಂದು ತುದಿಯ ಬೋಲ್ಟ್ ಸಡಿಲ ಮಾಡಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಪರೀಕ್ಷೆ.

ಯಾಕೆ ಕೆಲಸ ಮಾಡ್ತದೆ ಅಂದ್ರೆ, ಪ್ರತಿ ತಿರುಗಿಸುವಿಕೆಯಲ್ಲೂ ಅದೇ ತಪ್ಪು ಮತ್ತೆ ಕೂಡ್ಕೊಳ್ತದೆ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹಾಗೆ. ಒಂದು ಹನಿ ಕಣ್ಣಿಗೆ ಕಾಣಲ್ಲ, ನಾಲ್ಕು ಕೂಡಿದ್ರೆ ಕ್ಯಾಲಿಪರ್‌ಗೆ ಸಿಗ್ತದೆ. ಎಲ್ಲಕ್ಕಿಂತ ಮುಖ್ಯ, ಇದಕ್ಕೆ ದುಬಾರಿ ಮೂಲೆಮಟ್ಟ ಬೇಕಿಲ್ಲ. ಮೇಜು ತನ್ನ ತಪ್ಪನ್ನ ತಾನೇ ಬರೆದುಕೊಡ್ತದೆ.

ಸ್ಟಾಪರ್ ಕಟ್ಟೋದು

ಈಗ ನಮ್ಮ ಇಪ್ಪತ್ತು ಶೆಲ್ಫ್. ಮೊದಲು ಪ್ಲೈಯನ್ನ ಉದ್ದಕ್ಕೆ 540 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕೊಯ್ದಿಟ್ಟಿದ್ದಾರೆ. ಒಂದು ಪಟ್ಟಿಯಲ್ಲಿ 564ರ ನಾಲ್ಕು ತುಂಡು ಬರ್ತವೆ. ನಾಲ್ಕು 564 ಅಂದ್ರೆ 2256, ಬ್ಲೇಡ್ ತಿನ್ನೋದು ಒಂದು ಕೊಯ್ತಕ್ಕೆ ಸುಮಾರು 2 ಮಿಲಿಮೀಟರ್ ಚಿಲ್ಲರೆ. ಐದು ಪಟ್ಟಿ ಸಾಕು, ಮೂರು ಶೀಟ್.

ಪಟ್ಟಿಯ ಒಂದು ತುದಿಯಿಂದ ಮೊದಲು ಸ್ವಲ್ಪ ಸವರಿ ತೆಗೀಬೇಕು. ಫ್ಯಾಕ್ಟರಿಯಿಂದ ಬಂದ ಅಂಚು ನೇರ ಇದೆ ಅಂತ ನಂಬಬಾರದು. ಮೂಲೆ ಜಜ್ಜಿರ್ತದೆ, ಓರೆ ಇರ್ತದೆ. ಈಗ ಸವರಿದ ತುದಿಯೇ ಆಧಾರ.

ಆಮೇಲೆ ಸ್ಟಾಪರ್. ಟೇಪಿನ ತುದಿಯ ಕೊಕ್ಕೆ ಅಲುಗಾಡ್ತದೆ ಗಮನಿಸಿದ್ದೀರಾ? ಅದು ಬೇಕಂತಲೇ ಹಾಗಿರೋದು. ಒಳಗಿಂದ ಒತ್ತಿ ಅಳೆಯುವಾಗ, ಹೊರಗಿಂದ ಎಳೆದು ಅಳೆಯುವಾಗ ಕೊಕ್ಕೆಯ ದಪ್ಪ ಸರಿದೂಗಲಿ ಅಂತ. ಆದ್ರೆ ಕೆಳಗೆ ಬಿದ್ದು ಬಿದ್ದು ಕೊಕ್ಕೆ ಬಾಗಿದ್ರೆ ಲೆಕ್ಕ ತಪ್ತದೆ. ಅದಕ್ಕೆ ಗಟ್ಟಿ ಉಕ್ಕಿನ ಸ್ಕೇಲ್ ಬಳಸಬೇಕು, ಇಲ್ಲಾಂದ್ರೆ ಟೇಪಿನ 100 ಮಿಲಿಮೀಟರ್ ಗೆರೆಯಿಂದ ಶುರುಮಾಡಿ 664ಕ್ಕೆ ಗುರುತು ಹಾಕಬೇಕು.

ಸ್ಟಾಪರ್ ಕಟ್ಟಿದ ಮೇಲೆ ಒಂದು ವೇಸ್ಟ್ ತುಂಡು ಕೊಯ್ದು ಅಳೀಬೇಕು. 564.5 ಬಂತಾ? ಸ್ಟಾಪರ್ ಸರಿಸಿ ಇನ್ನೊಂದು ವೇಸ್ಟ್ ತುಂಡು. ಸರಿ ಬಂದ್ಮೇಲೆ ಕ್ಲ್ಯಾಂಪ್ ಬಿಗಿ ಮಾಡಿ, ಮತ್ತೆ ಮುಟ್ಟಬಾರದು. ಇಪ್ಪತ್ತೂ ಮುಗಿಯೋ ತನಕ ಸ್ಟಾಪರ್ ಅಲ್ಲಾಡಬಾರದು. ಊಟಕ್ಕೆ ಹೋಗಿ ಬಂದು ನಾಳೆ ಉಳಿದ ಆರು ಕೊಯ್ತೀನಿ ಅಂತ ಸ್ಟಾಪರ್ ಬಿಚ್ಚಿದ್ರೆ, ನಾಳೆಯ ಆರು ಬೇರೆ ಜಾತಿ.

ಸ್ಟಾಪರಿನ ಕೆಳ ಮೂಲೆಯನ್ನ ಸ್ವಲ್ಪ ಸವರಿರಬೇಕು. ಯಾಕೆ? ಮರದ ಪುಡಿ. ಕೊಯ್ದ ಹಾಗೆ ಪುಡಿ ಸ್ಟಾಪರಿನ ಬುಡಕ್ಕೆ ಬಂದು ಸೇರ್ತದೆ. ಮುಂದಿನ ತುಂಡು ಪುಡಿಗೆ ತಾಗಿ ನಿಲ್ತದೆ, ಸ್ಟಾಪರಿಗೆ ಅಲ್ಲ. ಒಂದು ತುಂಡು 564, ಮುಂದಿನದು ಅರ್ಧ ಮಿಲಿಮೀಟರ್ ಗಿಡ್ಡ. ಯಾರಿಗೂ ಕಾರಣ ತಿಳಿಯಲ್ಲ. ಮೂಲೆ ಸವರಿದ್ರೆ ಪುಡಿ ಕೂರೋಕೆ ಜಾಗ ಇರ್ತದೆ. ಆದ್ರೂ ಪ್ರತಿ ಸಲ ಬ್ರಶ್‌ನಲ್ಲಿ ಒಮ್ಮೆ ಗುಡಿಸೋದು ಒಳ್ಳೇದು.

ತುಂಡು ಇಡೋ ಕ್ರಮವೂ ಒಂದೇ ಇರಬೇಕು. ಮೊದಲು ಫೆನ್ಸಿಗೆ, ಆಮೇಲೆ ಸ್ಟಾಪರಿಗೆ. ಸ್ಟಾಪರಿಗೆ ಗುದ್ದಬಾರದು, ಮುಟ್ಟಿಸಬೇಕು. ಗುದ್ದಿದ್ರೆ ಹತ್ತನೇ ತುಂಡಿಗೆ ಸ್ಟಾಪರ್ ಜರುಗಿರ್ತದೆ.

ಇನ್ನು ಬ್ಲೇಡಿನ ಆಳ. ಹಲಗೆ ದಾಟಿ ಎರಡು ಮೂರು ಮಿಲಿಮೀಟರ್ ಕೆಳಗೆ ಇಳಿದ್ರೆ ಸಾಕು. ಕೆಳಗೆ ಒಂದು ವೇಸ್ಟ್ ಹಲಗೆ ಹಾಸಿರ್ತಾರೆ, ಬ್ಲೇಡ್ ಅದರಲ್ಲಿ ಸಣ್ಣ ಗಾಡಿ ಜಾಡು ಮಾಡ್ಕೊಳ್ತದೆ. ಟ್ರ್ಯಾಕ್ ಸಾದ ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ತವೆ, ಹಾಗಾಗಿ ಚಕ್ಕೆ ಏಳೋದು ಮೇಲಿನ ಮುಖದಲ್ಲಿ. ರಬ್ಬರ್ ಪಟ್ಟಿ ಅಲ್ಲಿ ಒತ್ತಿ ಹಿಡಿಯೋದ್ರಿಂದ ಹಳಿಯ ಕೆಳಗಿರೋ ಬದಿ ಸ್ವಚ್ಛವಾಗಿ ಬರ್ತದೆ. ಉಳಿಸಿಕೊಳ್ಳೋ ತುಂಡು ಯಾವಾಗಲೂ ಹಳಿಯ ಕೆಳಗೆ ಇರಬೇಕು. ಆಚೆ ಬದಿಗೂ ಚಕ್ಕೆ ಬರಬಾರದು ಅಂದ್ರೆ ಮೊದಲು ಎರಡು ಮಿಲಿಮೀಟರ್ ಆಳದಲ್ಲಿ ಒಮ್ಮೆ ಗೀರಿ, ಆಮೇಲೆ ಪೂರ್ತಿ ಇಳಿಸಿ ಓಡಿಸ್ತಾರೆ.

ನಕಲಿನ ನಕಲು

ಇಲ್ಲಿ ಒಂದು ಪ್ರಶ್ನೆ ಬರ್ತದೆ. ಮೇಜು ಇಲ್ಲದಿದ್ರೇನು, ಮೊದಲ ತುಂಡನ್ನ ಅಚ್ಚಾಗಿ ಇಟ್ಟು ಎರಡನೇದು ಕೊಯ್ಯಬಹುದಲ್ಲ? ಹೌದು, ಹಳೇ ಪದ್ಧತಿ ಅದೇ. ಒಂದೇ ಷರತ್ತು, ಪ್ರತಿ ಸಲ ಮೊದಲ ತುಂಡೇ ಅಚ್ಚಾಗಬೇಕು.

ಗಡಿಬಿಡಿಯಲ್ಲಿ ಏನಾಗ್ತದೆ? ಕೈಗೆ ಸಿಕ್ಕಿದ್ದು, ಅಂದ್ರೆ ಈಗಷ್ಟೇ ಕೊಯ್ದದ್ದು. ಮೊದಲನೇದರಿಂದ ಎರಡನೇದು, ಎರಡನೇದರಿಂದ ಮೂರನೇದು. ಪೆನ್ಸಿಲ್ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಅಂತಿಟ್ಟು, ಪ್ರತಿ ಸಲ ಗೆರೆಯ ಹೊರಗೆ ಕೊಯ್ದ್ರೆ, ಇಪ್ಪತ್ತನೇ ತುಂಡು ಹತ್ತೊಂಬತ್ತು ಅರ್ಧ, ಅಂದ್ರೆ ಒಂಬತ್ತೂವರೆ ಮಿಲಿಮೀಟರ್ ಉದ್ದ. ಹತ್ತತ್ರ ಒಂದು ಸೆಂಟಿಮೀಟರ್. ಅಕ್ಕಪಕ್ಕದ ತುಂಡು ಹೋಲಿಸಿದ್ರೆ ವ್ಯತ್ಯಾಸವೇ ಕಾಣಲ್ಲ. ಮೊದಲನೇದು ಕೊನೇದು ಹೋಲಿಸಿದ್ರೆ ಮಾತ್ರ ಎದೆ ಧಸಕ್ ಅಂತದೆ.

ಅಕೌಂಟ್ಸ್ ಓದಿದವರಿಗೆ ಇದು ಗೊತ್ತಿರೋ ಕತೆ. ಮೂಲ ವೋಚರ್ ನೋಡದೆ ಹಿಂದಿನ ತಿಂಗಳ ಶೀಟ್ ಕಾಪಿ ಮಾಡ್ತಾ ಹೋದ್ರೆ ಇದೇ ಗತಿ. ಸ್ಟಾಪರ್ ಅನ್ನೋದು ಮೂಲ ವೋಚರ್. ಪ್ರತಿ ತುಂಡೂ ನೇರ ಅದಕ್ಕೇ ತಾಳೆ ಆಗ್ತದೆ.

ಹಾಗಂತ ಕಣ್ಣು ಮುಚ್ಚಿ ಕೊಯ್ಯೋದಲ್ಲ. ಮೊದಲನೇದು, ಹತ್ತನೇದು, ಇಪ್ಪತ್ತನೇದು, ಈ ಮೂರನ್ನ ಅಳೀಬೇಕು. ಎಲ್ಲವನ್ನೂ ಮೇಜಿನ ಮೇಲೆ ನಿಲ್ಲಿಸಿ, ಸಾಲಾಗಿ ಒತ್ತಿ, ಮೇಲಿನ ಅಂಚಿನ ಉದ್ದಕ್ಕೂ ಬೆರಳು ಎಳೆದ್ರೆ ಒಂದು ಎತ್ತರ ತಗ್ಗಿದ್ರೂ ಗೊತ್ತಾಗ್ತದೆ. ಕಣ್ಣಿಗಿಂತ ಬೆರಳ ತುದಿ ಚುರುಕು.

ಹಂಪಿಯ ಕಲ್ಲುಕುಟಿಗರು ಮಾಡಿದ್ದೂ ಇದೇ

ಈ ವಿಷಯ ಹೊಸದೇನಲ್ಲ. ಹೊಸಪೇಟೆಯಿಂದ ಹದಿನೈದಿಪ್ಪತ್ತು ನಿಮಿಷ ಬೈಕಲ್ಲಿ ಹಂಪಿ ಕಡೆ ಹೋಗಿ, ರಾಜಾಂಗಣದ ಒಳಗಿರೋ ಮೆಟ್ಟಿಲು ಪುಷ್ಕರಣಿ ನೋಡಿ. ಎಲ್ಲರೂ ರೀಲ್ ಮಾಡೋ ಜಾಗ ಅದು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂತು. ಸುಮಾರು 22 ಮೀಟರ್ ಚೌಕ, ಸುಮಾರು 7 ಮೀಟರ್ ಆಳ, ಐದು ಹಂತ. ಸುತ್ತಲಿನ ಬಂಡೆಗಳ ಗ್ರಾನೈಟ್ ಬಿಟ್ಟು ಕಪ್ಪು ಕಲ್ಲಲ್ಲಿ ಕಟ್ಟಿದ್ದು.

ಮುಂದಿನ ಸಲ ಹೋದಾಗ ಫೋನ್ ಸ್ವಲ್ಪ ಕೆಳಗಿಟ್ಟು ಕಲ್ಲಿನ ಮೈ ನೋಡಿ. ಕಲ್ಲುಗಳ ಮೇಲೆ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೇ ಕಲ್ಲು ಅನ್ನೋದನ್ನ ಹೇಳೋ ಗುರುತುಗಳು. ಅಂದ್ರೆ ಜೋಡಿಸೋಕೆ ಮುಂಚೆಯೇ ಪ್ರತಿ ಕಲ್ಲಿನ ಜಾಗ ತೀರ್ಮಾನ ಆಗಿತ್ತು. ಕಲ್ಲು ಬೇರೆ ಕಡೆ ಅಳತೆಗೆ ತಯಾರಾಗಿ ಬಂದು, ಇಲ್ಲಿ ನಂಬರ್ ನೋಡಿ ಕೂತಿದೆ. ಒಂದೊಂದು ಕಲ್ಲನ್ನ ಸ್ಥಳದಲ್ಲೇ ಕುಟ್ಟಿ ಕುಟ್ಟಿ ಹೊಂದಿಸಿದ್ದಾಗಿದ್ರೆ ನಂಬರಿನ ಅವಶ್ಯಕತೆಯೇ ಇರ್ತಿರಲಿಲ್ಲ.

ಇದನ್ನ ಶೆಡ್ಡಿನ ಭಾಷೆಯಲ್ಲಿ ಹೇಳ್ರಿ: ಮಾಡ್ಯುಲರ್. ಶೆಡ್ಡಿನಲ್ಲೂ ಕೊಯ್ದ ತಕ್ಷಣ ಪ್ರತಿ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಬರೀತಾರೆ. ಮೂರನೇ ಕ್ಯಾಬಿನೆಟ್, ಎಡ ಬದಿ, ಮೇಲಿನ ಮುಖ. ಕಂಪ್ಲಿಯ ಅಡುಗೆಮನೆಯಲ್ಲಿ ಆ ಗುರುತು ನೋಡಿ ಜೋಡಿಸಿದ್ರೆ ಆಯ್ತು.

ಇದೇ ಲೆಕ್ಕ ದೊಡ್ಡ ಅಳತೆಯಲ್ಲಿ ನಾವು ಕಣ್ಣಾರೆ ನೋಡಿದ್ದೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೇದರ ಚೈನ್ ಕಿತ್ತು ಗೇಟ್ ಕೊಚ್ಚಿಹೋಯ್ತು. ಇಡೀ ಜಿಲ್ಲೆ ನಿದ್ದೆಗೆಟ್ಟ ವಾರ ಅದು. ಕೊನೆಗೆ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದ್ರು. ಸುಮಾರು 60 ಅಡಿ ಅಗಲ, ತಲಾ 4 ಅಡಿ ಎತ್ತರದ ಐದು ಉಕ್ಕಿನ ತುಂಡು, ಒಂದರ ಮೇಲೊಂದು. ಐದು ನಾಲ್ಕಲಿ ಇಪ್ಪತ್ತು ಅಡಿ. ಬೇರೆ ಕಡೆ ತಯಾರಾದ ಐದು ತುಂಡು ಸ್ಥಳಕ್ಕೆ ಬಂದ್ಮೇಲೆ ಒಂದರ ಮೇಲೊಂದು ಕೂರಲೇಬೇಕು. ಅಲ್ಲಿ ನಿಂತು ಹತ್ತರಿ ಹೊಡೆಯೋಕೆ ಯಾರಿಗೂ ಅವಕಾಶ ಇರಲ್ಲ.

ಲಾಭ ಎಲ್ಲಿ?

ಈಗ ನನ್ನ ವಿಷಯಕ್ಕೆ ಬರ್ತೀನಿ. ಮೇಜು ಹೊಂದಿಸೋಕೆ, ಸ್ಟಾಪರ್ ಕಟ್ಟೋಕೆ, ವೇಸ್ಟ್ ತುಂಡು ಕೊಯ್ದು ನೋಡೋಕೆ ಇಪ್ಪತ್ತು ನಿಮಿಷ ಅಂತಿಟ್ಟುಕೊಳ್ಳಿ. ಇದು ಫಿಕ್ಸೆಡ್ ಕಾಸ್ಟ್. ಒಂದು ಕೊಯ್ದ್ರೂ ಇಪ್ಪತ್ತು ನಿಮಿಷ, ನೂರು ಕೊಯ್ದ್ರೂ ಇಪ್ಪತ್ತು ನಿಮಿಷ. ಗುರುತು ಹಾಕಿ ಕೊಯ್ಯೋಕೆ ಒಂದು ತುಂಡಿಗೆ ಮೂರು ನಿಮಿಷ, ಸ್ಟಾಪರ್ ಇದ್ರೆ ಮುಕ್ಕಾಲು ನಿಮಿಷ ಅಂದ್ಕೊಳ್ಳಿ. ಪ್ರತಿ ತುಂಡಿಗೆ ಎರಡೂಕಾಲು ನಿಮಿಷ ಉಳಿತಾಯ. ಇಪ್ಪತ್ತನ್ನ ಎರಡೂಕಾಲಿಂದ ಭಾಗಿಸಿದ್ರೆ ಹತ್ತತ್ರ ಒಂಬತ್ತು. ಅಂದ್ರೆ ಈ ಉದಾಹರಣೆಯಲ್ಲಿ ಒಂಬತ್ತನೇ ತುಂಡಿಗೆ ಬ್ರೇಕ್ ಈವನ್. ಮೂರು ತುಂಡು ಬೇಕಾದ್ರೆ ಗುರುತು ಹಾಕಿ ಕೊಯ್ಯಿರಿ, ಸಾಕು. ಇಪ್ಪತ್ತು ಬೇಕಾದ್ರೆ ಸ್ಟಾಪರ್ ಕಟ್ಟಿ. ನಿಮ್ಮ ಶೆಡ್ಡಿನ ನಿಮಿಷ ಬೇರೆ ಇರ್ತವೆ, ವಾಚ್ ಇಟ್ಟು ನೋಡಿ, ಲೆಕ್ಕದ ದಾರಿ ಇದೇ.

ಇದರಲ್ಲಿ ಸಂಡೂರಿಗೆ ಎರಡನೇ ಸಲ ಹೋಗದೇ ಉಳಿದ ದಿನವನ್ನ ನಾನು ಸೇರಿಸಿಲ್ಲ. ಅದನ್ನ ಸೇರಿಸಿದ್ರೆ ಒಂದೇ ಸಲಕ್ಕೆ ಖರ್ಚು ಮರಳಿ ಬರ್ತದೆ.

ದೊಡ್ಡ ಊರಿನ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಕೊಯ್ಯೋ ದೊಡ್ಡ ಪ್ಯಾನೆಲ್ ಸಾ ಇರ್ತವೆ. ಅಲ್ಲಿಂದ ಮಾಡಿದ ಕಿಚನ್ ಪೆಟ್ಟಿಗೆಯಲ್ಲಿ ಕೂತು ನಮ್ಮೂರಿಗೂ ಬರ್ತದೆ. ನಮ್ಮ ಶೆಡ್ಡಿನ ಹುಡುಗರು ಅದರ ಎದುರು ನಿಲ್ಲಬೇಕಂದ್ರೆ ಕೈಚಳಕದ ಮಾತು ಗಿರಾಕಿಗೆ ಬೇಡ. ಬಾಗಿಲ ಸಂದು ಒಂದೇ ಸಮ ಇದೆಯಾ ಅಂತ ಅವನು ನೋಡ್ತಾನೆ, ಅಷ್ಟೇ.

ದುಡ್ಡಿನ ಮಾತು. ಟ್ರ್ಯಾಕ್ ಸಾ ಸಾಮಾನ್ಯ ಸರ್ಕ್ಯುಲರ್ ಸಾಗಿಂತ ಹಲವು ಪಟ್ಟು ದುಬಾರಿ. ಇಲ್ಲದವರು ಏನು ಮಾಡಬೇಕು? ಇರೋ ಸರ್ಕ್ಯುಲರ್ ಸಾಗೆ ಹಳಿ ಮಾಡ್ಕೊಳ್ಳಬಹುದು. ಆರು ಮಿಲಿಮೀಟರ್ ಪ್ಲೈಯ ಅಗಲ ಪಟ್ಟಿ, ಅದರ ಮೇಲೆ ಒಂದು ನೇರ ಪಟ್ಟಿ ಅಂಟಿಸಿ. ಮಷೀನಿನ ತಳವನ್ನ ನೇರ ಪಟ್ಟಿಗೆ ಒರಗಿಸಿ ಒಮ್ಮೆ ಓಡಿಸಿದ್ರೆ ಕೆಳಗಿನ ಪ್ಲೈಯ ಅಂಚು ಬ್ಲೇಡಿಗೆ ಸರಿಯಾಗಿ ಕೊಯ್ದುಕೊಳ್ತದೆ. ಆ ಅಂಚನ್ನ ಗೆರೆಗೆ ಇಟ್ರೆ ಕೊಯ್ತ ಅಲ್ಲೇ. ನೇರ ಪಟ್ಟಿ ನಿಜಕ್ಕೂ ನೇರ ಇದೆಯಾ? ಅದನ್ನಿಟ್ಟು ಒಂದು ಗೆರೆ ಎಳೀರಿ, ಪಟ್ಟಿಯನ್ನ ಮಗುಚಿ ಅದೇ ಅಂಚಿನಿಂದ ಮತ್ತೆ ಗೆರೆ ಎಳೀರಿ. ಎರಡೂ ಒಂದಾದ್ರೆ ನೇರ. ನಡುವೆ ಸಂದು ಬಂದ್ರೆ ಪಟ್ಟಿ ಸೊಟ್ಟ. ಮೇಜಿಗೂ ಅಷ್ಟೇ, ಒಂದು ಹಳೇ ದಪ್ಪ ಬೋರ್ಡು, ಎರಡು ಬೋಲ್ಟಿನ ಫೆನ್ಸು, ಒಂದು ಕ್ಲ್ಯಾಂಪಿನ ಸ್ಟಾಪರ್. ಐದು ಕೊಯ್ತದ ಪರೀಕ್ಷೆ ಪಾಸಾದ್ರೆ ಆ ಮೇಜು ಯಾವ ಕಂಪನಿದು ಅಂತ ಶೆಲ್ಫ್ ಕೇಳಲ್ಲ.

ಬೆರಳಿನ ಲೆಕ್ಕ

ಕೊನೆಯ ಮಾತು, ಇದು ಮುಖ್ಯ. ಸಣ್ಣ ಶೆಡ್ಡುಗಳಲ್ಲಿ ಒಂದು ಪದ್ಧತಿ ಇದೆ. ಕೈ ಸರ್ಕ್ಯುಲರ್ ಸಾವನ್ನ ತಲೆಕೆಳಗು ಮಾಡಿ ಮೇಜಿನ ಅಡಿ ಕಟ್ಟಿ, ಬ್ಲೇಡಿನ ಗಾರ್ಡ್ ತೆಗೆದು, ಸ್ವಿಚ್ ಅಲ್ಲಾಡದ ಹಾಗೆ ವೈರ್ ಸುತ್ತಿ, ಅದನ್ನೇ ಟೇಬಲ್ ಸಾ ಅಂತ ಬಳಸ್ತಾರೆ. ಬ್ಲೇಡ್ ಬಯಲಲ್ಲಿ ತಿರುಗ್ತಿರ್ತದೆ, ಹುಡುಗರು ಬರಿಗೈಯಲ್ಲಿ ಹಲಗೆ ನೂಕ್ತಾರೆ. ಹಲಗೆ ಸ್ವಲ್ಪ ವಾರೆಯಾಗಿ ಬ್ಲೇಡನ್ನ ಕಚ್ಚಿಕೊಂಡ್ರೆ ವಾಪಸ್ ಒದೀತದೆ, ಕೈ ಎಲ್ಲಿ ಹೋಗ್ತದೆ ಅಂತ ಹೇಳೋಕಾಗಲ್ಲ. ಒಂದೇ ಅಳತೆ ಮತ್ತೆ ಮತ್ತೆ ಕೊಯ್ಯುವಾಗ ಅಪಾಯ ಹೆಚ್ಚು, ಯಾಕಂದ್ರೆ ಹದಿನೈದನೇ ತುಂಡಿನ ಹೊತ್ತಿಗೆ ಕೈ ಕೆಲಸ ಮಾಡ್ತಿರ್ತದೆ, ಮನಸ್ಸು ಬೇರೆಲ್ಲೋ ಇರ್ತದೆ. ಅದಕ್ಕೇ ಆರಂಭದಲ್ಲಿ ಇಯರ್‌ಫೋನ್ ಮಾತು ಹೇಳಿದ್ದು.

ಟ್ರ್ಯಾಕ್ ಸಾದಲ್ಲಿ ಬ್ಲೇಡ್ ಕವಚದ ಒಳಗಿರ್ತದೆ, ಒತ್ತಿದಾಗ ಮಾತ್ರ ಕೆಳಗಿಳೀತದೆ, ಬಿಟ್ರೆ ಮೇಲೆ ಹೋಗ್ತದೆ. ಎರಡೂ ಕೈ ಮಷೀನ್ ಮೇಲೆ. ಅಪಾಯ ಪೂರ್ತಿ ಹೋಯ್ತು ಅಂತಲ್ಲ. ಕೊಯ್ತದ ಎರಡೂ ಬದಿಗೆ ಹಲಗೆಗೆ ಆಸರೆ ಇರಲೇಬೇಕು. ಉದ್ದ ಪಟ್ಟಿಯ ಬಾಲ ಮೇಜಿನಾಚೆ ಜೋತಾಡ್ತಿದ್ರೆ, ಕೊಯ್ತ ಮುಗಿಯೋ ಹೊತ್ತಿಗೆ ಅದು ಬಾಗಿ ಬ್ಲೇಡನ್ನ ಹಿಡ್ಕೊಳ್ತದೆ. ಒಂದು ಸ್ಟ್ಯಾಂಡ್ ಇಡಿ. ಬ್ಲೇಡ್ ಬದಲಿಸುವಾಗ ಪ್ಲಗ್ ಕಿತ್ತಿರಬೇಕು. ಪ್ಲೈ ಪುಡಿಯಲ್ಲಿ ಮರದ ಜೊತೆ ಅಂಟಿನ ರಾಸಾಯನಿಕವೂ ಇರ್ತದೆ, ಮಾಸ್ಕ್ ಹಾಕಿ, ಕನ್ನಡಕ ಹಾಕಿ. ತುದಿಗೆ ಮುಟ್ಟಿದ ಮೇಲೆ ಬ್ಲೇಡ್ ನಿಲ್ಲೋ ತನಕ ಎತ್ತಬೇಡಿ.

ನಿಮ್ಮ ಮನೆಯಲ್ಲಿ ಕಾರ್ಪೆಂಟರ್ ಕೆಲಸ ನಡೀತಿದ್ರೆ ಒಂದು ಕೆಲಸ ಮಾಡಿ. ರೇಟ್ ಕಮ್ಮಿ ಮಾಡಣ್ಣ ಅಂತ ಚೌಕಾಸಿ ಮಾಡೋ ಮುಂಚೆ, ಅಣ್ಣ, ನಿಮ್ಮ ಕೊಯ್ಯೋ ಮೇಜು ತೋರಿಸ್ರಿ ಅಂತ ಕೇಳಿ. ಗಾರ್ಡ್ ಇದೆಯಾ ನೋಡಿ, ಸ್ಟಾಪರ್ ಇದೆಯಾ ನೋಡಿ. ಎರಡೂ ಇದ್ರೆ ಅವರು ಕೇಳಿದ ದುಡ್ಡು ಕೊಡಿ. ನಿಮ್ಮ ಶೆಲ್ಫೂ ಸರಿ ಬರ್ತದೆ, ಸಂಜೆ ಅವರು ಹತ್ತು ಬೆರಳು ಇಟ್ಕೊಂಡೇ ಮನೆಗೆ ಹೋಗ್ತಾರೆ.

ಸಂಚಿಕೆ ಇಷ್ಟ ಆದ್ರೆ ನಿಮ್ಮೂರಿನ ಒಬ್ಬ ಕಾರ್ಪೆಂಟರ್ ಅಣ್ಣನಿಗೆ ವಾಟ್ಸಾಪ್ ಮಾಡಿ.